ಅಕ್ಸೂಮಿನ ಆಶ್ರಯದಲ್ಲಿ ಜಾಫರ್ ಬಿನ್ ಅಬೂತಾಲಿಬ್: ಒಂದು ಚಾರಿತ್ರಿಕ ಅವಲೋಕನ

ಇಸ್ಲಾಮಿನ ಮೊದಲ ತಲೆಮಾರಿನ ವಿಶ್ವಾಸಿಗಳನ್ನು ಮುಸ್ಲಿಂ ಸಮುದಾಯವು ಸಹಾಬಿಗಳು, ಅಂದರೆ ಪ್ರವಾದಿಯ ಸಂಗಡಿಗರು, ಎಂಬ ಗೌರವದ ಹೆಸರಿನಿಂದ ಸ್ಮರಿಸುತ್ತದೆ. ಅವರಲ್ಲಿ ಅಬೂಬಕರ್, ಉಮರ್, ಉಸ್ಮಾನ್, ಅಲಿ ಇವರ ಹೆಸರುಗಳು ನಮ್ಮ ಸೆಮಿನರಿಗಳ ಧರ್ಮಾಧ್ಯಯನದ ಪಾಠಗಳಲ್ಲಿ ಸಾಮಾನ್ಯವಾಗಿ ಬರುತ್ತವೆ. ಅಲಿಯ ಅಣ್ಣನಾದ ಜಾಫರ್ ಬಿನ್ ಅಬೂತಾಲಿಬ್‌ನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಕ್ರೈಸ್ತ ದೈವಶಾಸ್ತ್ರವನ್ನು ಅಭ್ಯಾಸ ಮಾಡುವವರಿಗೆ ಅವನ ಜೀವನವು ಮಿಕ್ಕವರ ಜೀವನಕ್ಕಿಂತಲೂ ಹತ್ತಿರದ್ದು. ಮುಸ್ಲಿಂ ಪರಂಪರೆಯ ಪ್ರಕಾರ, ಕ್ರೈಸ್ತ ಅರಸನೊಬ್ಬನ ಆಸ್ಥಾನದಲ್ಲಿ ಬಿಷಪರ ಎದುರಿಗೆ ನಿಂತು ಯೇಸುವಿನ ವಿಷಯವಾಗಿ ತನ್ನ ಸಮುದಾಯದ ನಂಬಿಕೆ ಏನೆಂದು ಉತ್ತರ ಕೊಟ್ಟ ಮೊದಲ ಮುಸ್ಲಿಮನು ಅವನೇ. ಹದಿನಾಲ್ಕು ವರ್ಷಗಳ ತರುವಾಯ ಮತ್ತೊಂದು ಕ್ರೈಸ್ತ ಸಾಮ್ರಾಜ್ಯದ ಸೈನ್ಯದೆದುರು ಹೋರಾಡಿ ಮಡಿದವನೂ ಅವನೇ.

ಈ ಎರಡು ಘಟನೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಹೇಳುವ ರೂಢಿ ಎರಡು ಕಡೆಯಲ್ಲಿಯೂ ಇದೆ. ಸೌಹಾರ್ದದ ಸಭೆಗಳಲ್ಲಿ ಅಬಿಸೀನಿಯದ ಆಶ್ರಯದ ಕಥೆ ಕೇಳಿಬರುತ್ತದೆ. ವಿವಾದದ ಬರಹಗಳಲ್ಲಿ ಯುದ್ಧದ ಕಥೆ ಮಾತ್ರ ಬರುತ್ತದೆ. ಒಬ್ಬನೇ ಮನುಷ್ಯನ ಬದುಕಿನಲ್ಲಿ ಇವೆರಡೂ ಹೇಗೆ ಸೇರಿಕೊಂಡವು, ಅದರಿಂದ ಸಭೆಯು ಏನನ್ನು ಕಲಿಯಬಹುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

1. ಮಕ್ಕಾದ ಹಿನ್ನೆಲೆ

ಜಾಫರನು ಕುರೈಷ್ ಕುಲದ ಹಾಶಿಮ್ ಮನೆತನದವನು; ಪ್ರವಾದಿ ಮಹಮ್ಮದರ ದೊಡ್ಡಪ್ಪನಾದ ಅಬೂತಾಲಿಬನ ಮಗ. ತಂದೆಯಿಲ್ಲದ ಮಹಮ್ಮದರನ್ನು ಸಾಕಿ ಸಲಹಿದವನು ಈ ಅಬೂತಾಲಿಬನೇ. ಅವನು ಗೌರವಸ್ಥನಾಗಿದ್ದರೂ ಸಿರಿವಂತನಾಗಿರಲಿಲ್ಲ. ಒಮ್ಮೆ ಕ್ಷಾಮ ಬಂದಾಗ ಅವನ ಸಂಸಾರದ ಭಾರವನ್ನು ಇಳಿಸುವುದಕ್ಕಾಗಿ ಮಹಮ್ಮದರು ಅಲಿಯನ್ನೂ, ಅವರ ಇನ್ನೊಬ್ಬ ಚಿಕ್ಕಪ್ಪ ಅಬ್ಬಾಸನು ಜಾಫರನನ್ನೂ ತಮ್ಮ ತಮ್ಮ ಮನೆಗೆ ಕರೆದುಕೊಂಡು ಹೋದರೆಂದು ಚರಿತ್ರಕಾರರು ಹೇಳುತ್ತಾರೆ. ಹೀಗೆ ಜಾಫರನು ಬೇರೊಬ್ಬರ ಮನೆಯ ಅನ್ನದಲ್ಲಿ ಬೆಳೆದನು. ಮುಂದೆ ಬಡವರ ವಿಷಯದಲ್ಲಿ ಅವನು ತೋರಿದ ಕಾಳಜಿಯನ್ನು ಕಾಣುವಾಗ ಈ ಸಂಗತಿ ನೆನಪಿಗೆ ಬರುತ್ತದೆ. ಹೊಸ ಸಂದೇಶವನ್ನು ಆರಂಭದಲ್ಲಿಯೇ ಅಂಗೀಕರಿಸಿದವರಲ್ಲಿ ಅವನೂ ಅವನ ಪತ್ನಿಯಾದ ಅಸ್ಮಾ ಬಿಂತ್ ಉಮೈಸಳೂ ಸೇರಿದ್ದರು.

ಮಕ್ಕಾ ನಗರದಲ್ಲಿ ಒಬ್ಬನಿಗೆ ರಕ್ಷಣೆ ಕೊಡುತ್ತಿದ್ದದ್ದು ಅವನ ಕುಲವೇ ಹೊರತು ಯಾವ ಕಾನೂನೂ ಅಲ್ಲ. ಕುಲದ ಬಲವುಳ್ಳವರು ನಿಂದೆಯನ್ನು ಮಾತ್ರ ಸಹಿಸಬೇಕಾಯಿತು. ಗುಲಾಮರೂ ದಿಕ್ಕಿಲ್ಲದವರೂ ಹೊಡೆತ, ಉಪವಾಸ, ಮರಣಗಳನ್ನೇ ಎದುರಿಸಿದರು. ಈ ಪರಿಸ್ಥಿತಿಯಲ್ಲಿ, ಸುಮಾರು 615ರಲ್ಲಿ, ಮಹಮ್ಮದರು ತಮ್ಮ ಹಿಂಬಾಲಕರಲ್ಲಿ ಕೆಲವರಿಗೆ ಸಮುದ್ರ ದಾಟಿ ಅಬಿಸೀನಿಯಕ್ಕೆ ಹೋಗಲು ಸಲಹೆ ಮಾಡಿದರು. ಮೊದಲ ತಂಡದಲ್ಲಿ ಹನ್ನೊಂದು ಮಂದಿ ಪುರುಷರೂ ನಾಲ್ವರು ಸ್ತ್ರೀಯರೂ ಇದ್ದರೆಂದು ಪರಂಪರೆ ಎಣಿಸುತ್ತದೆ. ತರುವಾಯ ಹೋದವರೆಲ್ಲರನ್ನೂ ಕೂಡಿಸಿದರೆ ಪುರುಷರೇ ಎಂಬತ್ತಕ್ಕೂ ಮಿಕ್ಕಿದ್ದರು. ಈ ದೊಡ್ಡ ಗುಂಪಿನ ವಕ್ತಾರನಾಗಿ ನಿಂತವನು ಜಾಫರ್. ಮದೀನಾಕ್ಕೆ ಹೋದ ಪ್ರಸಿದ್ಧ ಹಿಜ್ರತ್‌ಗಿಂತ ಏಳು ವರ್ಷ ಮೊದಲೇ ನಡೆದ ಈ ವಲಸೆಯನ್ನು ಇಸ್ಲಾಮಿನ ಮೊದಲ ಹಿಜ್ರತ್ ಎಂದು ಕರೆಯುತ್ತಾರೆ. ಆ ಮೊದಲ ಹಿಜ್ರತ್ ಒಂದು ಕ್ರೈಸ್ತ ರಾಜ್ಯದ ಕಡೆಗೆ ಸಾಗಿತೆಂಬುದನ್ನು ನಾವು ಗಮನದಲ್ಲಿಡಬೇಕು.

2. ಕೆಂಪು ಸಮುದ್ರದಾಚೆಯ ಕ್ರೈಸ್ತ ರಾಜ್ಯ

ಅಬಿಸೀನಿಯವನ್ನೇ ಏಕೆ ಆರಿಸಿಕೊಂಡರು? ಅಲ್ಲಿಗೆ ವಲಸೆ ಹೋದ ಝುಬೈರನ ಮಗನೂ ಆರಂಭಕಾಲದ ಚರಿತ್ರೆಯನ್ನು ಸಂಗ್ರಹಿಸಿದವನೂ ಆದ ಉರ್ವಾ ಬಿನ್ ಝುಬೈರನು ಎರಡು ಕಾರಣಗಳನ್ನು ಕೊಡುತ್ತಾನೆ: ಅಲ್ಲಿ ಯಾರಿಗೂ ಅನ್ಯಾಯ ಮಾಡಗೊಡದ ಅರಸನಿದ್ದನು; ಮತ್ತು ಅದು ಕುರೈಷರಿಗೆ ವ್ಯಾಪಾರದ ಮೂಲಕ ಪರಿಚಿತವಾದ ನಾಡಾಗಿತ್ತು. ಮಕ್ಕಾದ ಹದ ಮಾಡಿದ ಚರ್ಮಕ್ಕೆ ಅಲ್ಲಿ ಒಳ್ಳೆಯ ಬೇಡಿಕೆಯಿತ್ತು. ನಿರಾಶ್ರಿತರು ತಮಗೆ ದಾರಿ ತಿಳಿದ ನಾಡಿಗೇ ಹೋದರು.

ಅಕ್ಸೂಮನ್ನು ರಾಜಧಾನಿಯಾಗಿ ಹೊಂದಿದ್ದ ಈ ರಾಜ್ಯವು 4ನೆಯ ಶತಮಾನದಲ್ಲಿ ಅರಸ ಎಝಾನನ ಕಾಲದಲ್ಲಿ ಕ್ರೈಸ್ತ ನಂಬಿಕೆಯನ್ನು ಸ್ವೀಕರಿಸಿತ್ತು. ಅಲ್ಲಿನ ಮೊದಲ ಬಿಷಪನಾದ ಫ್ರುಮೆಂಟಿಯಸನಿಗೆ ಅಲೆಕ್ಸಾಂದ್ರಿಯದ ಅಥನೇಸಿಯಸನೇ ದೀಕ್ಷೆ ಕೊಟ್ಟನು. ಅಂದಿನಿಂದ 20ನೆಯ ಶತಮಾನದವರೆಗೂ ಆ ಸಭೆಯ ಮುಖ್ಯ ಬಿಷಪರು ಅಲೆಕ್ಸಾಂದ್ರಿಯದಿಂದಲೇ ಬರುತ್ತಿದ್ದರು. 451ರ ಕಾಲ್ಸೆಡನ್ ಮಹಾಸಭೆಯು ಕ್ರಿಸ್ತನಲ್ಲಿ ಎರಡು ಸ್ವಭಾವಗಳೆಂದು ನಿರ್ಣಯಿಸಿದಾಗ, ಅಲೆಕ್ಸಾಂದ್ರಿಯದ ಜೊತೆಗೆ ಈ ಸಭೆಯೂ ಅದನ್ನು ಒಪ್ಪಲಿಲ್ಲ. ದೇವತ್ವವೂ ಮನುಷ್ಯತ್ವವೂ ಒಂದಾಗಿ ಕೂಡಿದ ಏಕ ಸ್ವಭಾವವನ್ನು ಅದು ಅರಿಕೆಮಾಡಿತು. ಇಂದಿಗೂ ಆ ಸಭೆಯ ಹೆಸರಿನಲ್ಲಿರುವ ತೆವಾಹೆದೊ ಎಂಬ ಪದಕ್ಕೆ 'ಒಂದಾದದ್ದು' ಎಂದೇ ಅರ್ಥ.

ಅರಬರಿಗೆ ಅಕ್ಸೂಮ್ ಕೇವಲ ವ್ಯಾಪಾರದ ನೆರೆಯೂ ಆಗಿರಲಿಲ್ಲ. 523ರಲ್ಲಿ ದಕ್ಷಿಣ ಅರೇಬಿಯದ ನಜ್ರಾನಿನಲ್ಲಿ ಕ್ರೈಸ್ತರ ಕೊಲೆ ನಡೆದ ಮೇಲೆ ಅಕ್ಸೂಮಿನ ಅರಸ ಕಾಲೇಬನು ಸಮುದ್ರ ದಾಟಿ ಹಿಮ್ಯಾರ್ ರಾಜ್ಯವನ್ನು ಗೆದ್ದನು. ಅಲ್ಲಿ ಅಧಿಕಾರಕ್ಕೆ ಬಂದ ಅಬ್ರಹನು ಆನೆಯೊಂದಿಗೆ ಮಕ್ಕಾದ ಮೇಲೆ ದಂಡೆತ್ತಿ ಬಂದನೆಂದು ಮುಸ್ಲಿಂ ಪರಂಪರೆ ನೆನೆಯುತ್ತದೆ. ಹೀಗೆ ಜಾಫರನೂ ಅವನ ಸಂಗಡಿಗರೂ ತಮ್ಮ ಹಿರಿಯರು ಭಯದಿಂದ ಸ್ಮರಿಸುತ್ತಿದ್ದ ನಾಡಿನವರ ನ್ಯಾಯವನ್ನು ನಂಬಿಕೊಂಡು ಹೊರಟಿದ್ದರು.

3. ಆಸ್ಥಾನದಲ್ಲಿ ಎರಡು ದಿನ

ಮುಂದಿನ ಘಟನೆಗಳ ಮುಖ್ಯ ವೃತ್ತಾಂತವು ಒಬ್ಬ ಸ್ತ್ರೀಯ ಬಾಯಿಂದ ಬಂದದ್ದು. ಉಮ್ಮು ಸಲಮಾ ತನ್ನ ಗಂಡನೊಂದಿಗೆ ಅಬಿಸೀನಿಯಕ್ಕೆ ಹೋಗಿದ್ದಳು. ವಿಧವೆಯಾದ ತರುವಾಯ ಮಹಮ್ಮದರ ಪತ್ನಿಯಾದಳು. ಅವಳು ಹೇಳಿದ್ದೆಂದು ದಾಖಲಾದ ಕಥನವನ್ನು 8ನೆಯ ಶತಮಾನದ ಇಬ್ನ್ ಇಸ್ಹಾಕ್ ತನ್ನ ಗ್ರಂಥದಲ್ಲಿ ಸೇರಿಸಿದನು. ಇಬ್ನ್ ಹಿಶಾಮನ ಪರಿಷ್ಕರಣದಲ್ಲಿ ಅದು ನಮಗೆ ದೊರೆತಿದೆ.

ಓಡಿಹೋದವರನ್ನು ಹಿಂದಕ್ಕೆ ತರಲು ಕುರೈಷರು ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಆ ಎಂಬ ಇಬ್ಬರನ್ನು ಚರ್ಮದ ಬೆಲೆಬಾಳುವ ಕಾಣಿಕೆಗಳೊಂದಿಗೆ ಕಳುಹಿಸಿದರು. ದೂತರು ಅರಸನ ಬಳಿಗೆ ನೇರವಾಗಿ ಹೋಗದೆ ಮೊದಲು ಅವನ ದಳಪತಿಗಳಿಗೆ ಒಬ್ಬೊಬ್ಬರಿಗೂ ಕಾಣಿಕೆ ಕೊಟ್ಟರು. ನಿರಾಶ್ರಿತರ ಮಾತನ್ನು ಕೇಳದೆಯೇ ಅವರನ್ನು ಒಪ್ಪಿಸಿಬಿಡುವಂತೆ ಅರಸನಿಗೆ ಸಲಹೆ ಕೊಡಿಸುವುದು ಅವರ ಯೋಜನೆಯಾಗಿತ್ತು. ಈ ಯೋಜನೆ ವಿಫಲವಾದದ್ದು ಒಂದೇ ಕಾರಣದಿಂದ: ತನ್ನ ನಾಡನ್ನು ಆರಿಸಿಕೊಂಡು ಬಂದವರ ಅಹವಾಲನ್ನು ಕೇಳದೆ ತೀರ್ಪು ಕೊಡುವುದಿಲ್ಲವೆಂದು ಅರಸನು ಹಟ ಹಿಡಿದನು. ಅರಬ್ಬಿ ಗ್ರಂಥಗಳು ಇವನನ್ನು ನಜಾಶಿ ಎಂದು ಕರೆಯುತ್ತವೆ. ಅಕ್ಸೂಮಿನ ಗೀಝ್ ಭಾಷೆಯಲ್ಲಿ ಅರಸನಿಗಿರುವ ಪದದ ಅರಬ್ಬಿ ರೂಪವೇ ಅದು.

ಬಿಷಪರು ತಮ್ಮ ಗ್ರಂಥಗಳನ್ನು ತೆರೆದುಕೊಂಡು ಅರಸನ ಸುತ್ತಲೂ ಕುಳಿತಿದ್ದರು. ಜಾಫರನು ಎದ್ದು ನಿಂತು, ತಾವು ಹಿಂದೆ ವಿಗ್ರಹಗಳನ್ನು ಪೂಜಿಸುತ್ತಾ ಬಲಿಷ್ಠರು ಬಲಹೀನರನ್ನು ನುಂಗುವ ರೀತಿಯಲ್ಲಿ ಬಾಳುತ್ತಿದ್ದದ್ದನ್ನೂ, ತಮ್ಮೊಳಗಿಂದಲೇ ಎದ್ದ ಪ್ರವಾದಿಯು ಏಕದೇವನ ಆರಾಧನೆಗೆ, ಸತ್ಯದ ಮಾತಿಗೆ, ನೆರೆಯವರ ಮತ್ತು ಅನಾಥರ ಹಕ್ಕಿಗೆ ತಮ್ಮನ್ನು ಕರೆದದ್ದನ್ನೂ ವಿವರಿಸಿದನು. ಬಳಿಕ ಅರಸನ ಕೋರಿಕೆಯ ಮೇರೆಗೆ ಕುರಾನಿನ 19ನೆಯ ಅಧ್ಯಾಯವಾದ 'ಮರ್ಯಮ್' ಅಧ್ಯಾಯದ ಆರಂಭಭಾಗವನ್ನು ಪಠಿಸಿದನು. ಮುಪ್ಪಿನಲ್ಲಿ ಮಗನಿಗಾಗಿ ಬೇಡಿದ ಜಕರೀಯ, ಯೋಹಾನನ ಜನನ, ಕನ್ಯೆಯಾದ ಮರಿಯಳಿಗೆ ಬಂದ ದೂತನ ವಾರ್ತೆ, ಹೆರಿಗೆಯ ವೇದನೆಯಲ್ಲಿ ಅವಳು ಖರ್ಜೂರದ ಮರದ ಬುಡಕ್ಕೆ ಬಂದದ್ದು, ಇವೆಲ್ಲ ಆ ಅಧ್ಯಾಯದ ಆರಂಭಭಾಗದಲ್ಲಿವೆ. ಲೂಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಬಲ್ಲ ಯಾರಿಗೂ ಇದು ಅಪರಿಚಿತವೆನಿಸದು. ಅರಸನೂ ಬಿಷಪರೂ ಕಣ್ಣೀರಿಟ್ಟರು; ತೆರೆದಿಟ್ಟ ಗ್ರಂಥಗಳು ಆ ಕಣ್ಣೀರಿನಿಂದ ಒದ್ದೆಯಾದವೆಂದು ಕಥನ ಹೇಳುತ್ತದೆ.

ಕಥೆಯನ್ನು ಇಲ್ಲಿಗೆ ನಿಲ್ಲಿಸುವವರು ಬಹಳ ಮಂದಿ. ಆದರೆ ಉಮ್ಮು ಸಲಮಾ ಇಲ್ಲಿಗೆ ನಿಲ್ಲಿಸಲಿಲ್ಲ. ಅಮ್ರನು ಚತುರನಾಗಿದ್ದನು. ಸಾಮ್ಯವು ಎಲ್ಲಿ ಮುಗಿಯುತ್ತದೆಂದು ಅವನು ಬಲ್ಲನು. ಈ ಜನರು ಯೇಸುವನ್ನು ದಾಸನೆನ್ನುತ್ತಾರೆಂದು ಮಾರನೆಯ ದಿನ ಅರಸನಿಗೆ ತಿಳಿಸುವೆನೆಂದು ಅವನು ಹೇಳಿದಾಗ, ಅವನ ಜೊತೆಗಾರನೇ, ಅವರು ನಮ್ಮ ರಕ್ತಸಂಬಂಧಿಗಳಲ್ಲವೇ ಎಂದು ತಡೆದನು. ಅಮ್ರನು ಕೇಳಲಿಲ್ಲ. ಅರಸನು ನಿರಾಶ್ರಿತರಿಗೆ ಮತ್ತೆ ಹೇಳಿಕಳುಹಿಸಿದನು.

ಆ ಹೊತ್ತು ಅವರು ಒಟ್ಟುಗೂಡಿ, ಏನು ಉತ್ತರ ಕೊಡೋಣವೆಂದು ತಮ್ಮತಮ್ಮೊಳಗೆ ಕೇಳಿಕೊಂಡರು. ತಮಗೆ ಅಂಥ ಕಷ್ಟದ ಗಳಿಗೆ ಮತ್ತೊಂದು ಬಂದಿರಲಿಲ್ಲವೆಂದು ಉಮ್ಮು ಸಲಮಾ ನೆನಪಿಸಿಕೊಳ್ಳುತ್ತಾಳೆ. ಮಾತನ್ನು ಮರೆಮಾಚಿದರೆ ಪ್ರಾಣ ಉಳಿಯಬಹುದಾಗಿತ್ತು. ಏನೇ ಆಗಲಿ, ತಮ್ಮ ಪ್ರವಾದಿಯಿಂದ ಕಲಿತದ್ದನ್ನೇ ಹೇಳುವುದೆಂದು ಅವರು ತೀರ್ಮಾನಿಸಿದರು. ಜಾಫರನು ಅರಸನ ಮುಂದೆ, ಯೇಸುವು ದೇವರ ದಾಸನೂ ಪ್ರವಾದಿಯೂ, ದೇವರಿಂದ ಬಂದ ಆತ್ಮವೂ, ಕನ್ಯೆಯಾದ ಮರಿಯಳಿಗೆ ಅನುಗ್ರಹಿಸಲ್ಪಟ್ಟ ದೇವರ ವಾಕ್ಯವೂ ಆಗಿದ್ದಾನೆಂದು ಉತ್ತರಿಸಿದನು. ಅರಸನು ನೆಲದ ಮೇಲಿದ್ದ ಒಂದು ಕಡ್ಡಿಯನ್ನು ಎತ್ತಿಕೊಂಡು, ಈ ಮಾತಿಗೂ ಯೇಸುವಿಗೂ ಈ ಕಡ್ಡಿಯಷ್ಟು ಅಂತರವೂ ಇಲ್ಲವೆಂದನು. ಸುತ್ತಲಿದ್ದ ದಳಪತಿಗಳು ಅಸಮಾಧಾನದಿಂದ ಗೊಣಗಿದರು. ಅರಸನು ಅದನ್ನು ಲಕ್ಷಿಸದೆ ನಿರಾಶ್ರಿತರಿಗೆ ಅಭಯವನ್ನಿತ್ತು, ಕುರೈಷರ ಕಾಣಿಕೆಗಳನ್ನು ಹಿಂದಿರುಗಿಸಿದನು.

4. ಆಧಾರಗಳ ಪರಿಶೀಲನೆ

ಚರಿತ್ರೆಯ ವಿದ್ಯಾರ್ಥಿಗಳಾಗಿ ನಾವು ಈ ಕಥನವನ್ನು ಹೇಗೆ ಓದಬೇಕು? ಅಕ್ಸೂಮಿನ ಕಡೆಯಿಂದ ಇದನ್ನು ಸಮರ್ಥಿಸುವ ಸಮಕಾಲೀನ ಶಾಸನವಾಗಲಿ ಸಭಾವೃತ್ತಾಂತವಾಗಲಿ ದೊರೆತಿಲ್ಲ. ಮುಸ್ಲಿಂ ಗ್ರಂಥಗಳು ಅರಸನನ್ನು ಅಸ್ಹಮ ಎನ್ನುತ್ತವೆ. ನಾಣ್ಯಗಳಿಂದ ತಿಳಿದುಬರುವ ಅರ್ಮಾಹ್ ಎಂಬ ಅರಸನೇ ಇವನೆಂದು ಕೆಲವು ವಿದ್ವಾಂಸರು ಸೂಚಿಸಿದ್ದಾರೆ. ಇನ್ನು, ಜಾಫರನ ಉತ್ತರದ ಮಾತುಗಳು ಕುರಾನಿನ 4ನೆಯ ಅಧ್ಯಾಯದ 171ನೆಯ ವಚನಕ್ಕೆ ಬಹಳ ಹತ್ತಿರವಾಗಿವೆ. ಆ ಅಧ್ಯಾಯವಾದರೋ ಮದೀನಾದ ಕಾಲಕ್ಕೆ ಸೇರಿದ್ದೆಂದು ಮುಸ್ಲಿಂ ವಿದ್ವಾಂಸರೇ ಎಣಿಸುತ್ತಾರೆ. ಅವನ ಮೊದಲ ದಿನದ ಭಾಷಣದಲ್ಲಿ ಬರುವ ಉಪವಾಸದ ಪ್ರಸ್ತಾಪವೂ ಮುಂದೆ ಮದೀನಾದಲ್ಲಿ ರೂಪುಗೊಂಡ ವಿಧಿಯನ್ನೇ ನೆನಪಿಗೆ ತರುತ್ತದೆ. ಆದ್ದರಿಂದ ಸಂಭಾಷಣೆಯ ಮಾತುಗಳು ತರುವಾಯದ ಸಮುದಾಯದ ನೆನಪಿನಲ್ಲಿ ರೂಪ ತಾಳಿದವೆಂದು ಹೇಳುವುದು ನ್ಯಾಯ.

ಅಷ್ಟರಿಂದ ಘಟನೆಯೇ ಕಲ್ಪಿತವೆಂದು ತೀರ್ಮಾನಿಸಲಾಗದು. ವಲಸೆ ಹೋದವರ ಹೆಸರುಗಳ ಪಟ್ಟಿಗಳು, ಅಲ್ಲಿ ಹುಟ್ಟಿದ ಮಕ್ಕಳ ವಿವರಗಳು, ಅಲ್ಲಿ ಸತ್ತವರ ನೆನಪುಗಳು ಅನೇಕ ಮನೆತನಗಳಲ್ಲಿ ಉಳಿದುಬಂದಿವೆ. ತಮಗೆ ಮುಜುಗರವಾಗುವಂಥ ಸಂಗತಿಗಳನ್ನೂ ಪರಂಪರೆ ಅಳಿಸಿಹಾಕಿಲ್ಲ. ಅವುಗಳಲ್ಲಿ ಒಂದನ್ನು ಮುಂದೆ ನೋಡುವೆವು. ನಮ್ಮ ಸುವಾರ್ತೆಗಳಲ್ಲಿನ ಸಂಭಾಷಣೆಗಳನ್ನು ಓದುವಾಗ ಯಾವ ಅಳತೆಗೋಲನ್ನು ಬಳಸಬೇಕೆಂದು ನಾವು ಕಲಿಸುತ್ತೇವೆಯೋ ಅದೇ ಅಳತೆಗೋಲನ್ನು ನೆರೆಯವರ ಗ್ರಂಥಗಳಿಗೂ ಬಳಸಬೇಕು. ಅವರದ್ದಕ್ಕೆ ಸಂಶಯ, ನಮ್ಮದಕ್ಕೆ ಭಕ್ತಿ ಎಂಬ ಭೇದವು ವಿದ್ವತ್ತಿಗೆ ತಕ್ಕದ್ದಲ್ಲ.

5. ವಾಕ್ಯ, ಆತ್ಮ: ಒಂದೇ ಪದ, ಎರಡು ಅರ್ಥ

ದೈವಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಸೂಕ್ಷ್ಮವಾದ ಭಾಗ ಇದು. ಜಾಫರನು ಯೇಸುವನ್ನು ದೇವರ ವಾಕ್ಯವೆಂದು ಕರೆದಾಗ ಅಕ್ಸೂಮಿನ ಬಿಷಪನೊಬ್ಬನ ಕಿವಿಯಲ್ಲಿ ಯೋಹಾನನ ಸುವಾರ್ತೆಯ ಮೊದಲ ಮಾತುಗಳು ಮೊಳಗಿರಬೇಕು. ಆ ವಾಕ್ಯವು ಆದಿಯಲ್ಲಿ ದೇವರ ಬಳಿಯಲ್ಲಿದ್ದದ್ದು, ತಾನೇ ದೇವರಾಗಿದ್ದದ್ದು, ಶರೀರಧಾರಿಯಾದದ್ದು. ಮುಸ್ಲಿಂ ವ್ಯಾಖ್ಯಾನದಲ್ಲಾದರೋ ವಾಕ್ಯವೆಂದರೆ ಸೃಷ್ಟಿಕರ್ತನ ಆಜ್ಞೆ. ತಂದೆಯಿಲ್ಲದೆ, 'ಆಗು' ಎಂಬ ಅಪ್ಪಣೆಯಿಂದ ಮಾತ್ರವೇ ಹುಟ್ಟಿದ್ದರಿಂದ ಯೇಸುವಿಗೆ ಆ ಹೆಸರು. ಒಂದೇ ಪದವು ಒಬ್ಬರಿಗೆ ಸೃಷ್ಟಿಕರ್ತನನ್ನೂ ಮತ್ತೊಬ್ಬರಿಗೆ ಸೃಷ್ಟಿಯನ್ನೂ ಸೂಚಿಸಿತು.

ಕ್ರೈಸ್ತ ಬರಹಗಾರರು ಈ ಪದಗಳನ್ನು ಬೇಗನೆ ಹಿಡಿದುಕೊಂಡರು. 8ನೆಯ ಶತಮಾನದ ದಮಸ್ಕದ ಯೋಹಾನನು, ದೇವರಿಗೆ ವಾಕ್ಯವೂ ಆತ್ಮವೂ ಉಂಟೆಂದು ಒಪ್ಪಿದವರು ಅವನ್ನು ದೇವರಿಂದ ಬೇರ್ಪಡಿಸುವುದು ಹೇಗೆಂದು ವಾದಿಸಿದನು. ಅದೇ ಶತಮಾನದ ಕೊನೆಯಲ್ಲಿ ಪೂರ್ವಸಭೆಯ ಮುಖ್ಯಸ್ಥನಾದ ಮೊದಲನೆಯ ತಿಮೊಥೆಯನು ಖಲೀಫ ಮಹ್ದಿಯೊಂದಿಗೆ ನಡೆಸಿದ ಸಂವಾದದಲ್ಲಿಯೂ ಇದೇ ತರ್ಕವನ್ನು ಮುಂದಿಟ್ಟನು. ಆದರೆ ಅವನ ಧ್ವನಿ ಬೇರೆ. ತ್ರಯೈಕ್ಯದ ವಿಷಯದಲ್ಲಿ ಕಿಂಚಿತ್ತೂ ಸಡಿಲಿಸದೆ, ಮಹಮ್ಮದರು ಪ್ರವಾದಿಗಳ ಮಾರ್ಗದಲ್ಲಿ ನಡೆದರೆಂದು ಅವನು ಗೌರವದಿಂದ ಹೇಳಿದನು.

ಹಾಗಾದರೆ ಅರಸನು ಕಡ್ಡಿಯನ್ನು ಎತ್ತಿ ಹೇಳಿದ ಮಾತಿನ ಅರ್ಥವೇನು? ಮುಸ್ಲಿಂ ಪರಂಪರೆಯು ಅವನು ಒಳಗೊಳಗೇ ಇಸ್ಲಾಮನ್ನು ಸ್ವೀಕರಿಸಿದನೆಂದು ಅರ್ಥಮಾಡಿಕೊಂಡಿದೆ. 630ರಲ್ಲಿ ಅವನ ಮರಣದ ಸುದ್ದಿ ಬಂದಾಗ ಮಹಮ್ಮದರು ಮದೀನಾದಿಂದಲೇ ಅವನಿಗಾಗಿ ಶವಸಂಸ್ಕಾರದ ಪ್ರಾರ್ಥನೆ ಸಲ್ಲಿಸಿದರೆಂಬ ವರದಿ ಇದಕ್ಕೆ ಆಧಾರ. ಆದರೆ ಏಕ ಸ್ವಭಾವವನ್ನು ಅರಿಕೆಮಾಡುವ ಸಭೆಯ ಅರಸನೊಬ್ಬನು ಬಿಷಪರ ನಡುವೆ ಕುಳಿತು ಕ್ರಿಸ್ತನ ದೇವತ್ವವನ್ನು ಕೈಬಿಟ್ಟನೆಂದು ನಂಬುವುದು ಕ್ರೈಸ್ತ ಓದುಗನಿಗೆ ಕಷ್ಟ. ನಮ್ಮ ವ್ಯಾಖ್ಯಾನದಲ್ಲಿ ಆ ಮಾತು ನ್ಯಾಯಾಸನದಿಂದ ಬಂದದ್ದು. ದೂತರು ಕೇಳಿದ್ದು ದೈವಶಾಸ್ತ್ರದ ಪ್ರಶ್ನೆಯಾಗಿದ್ದರೂ ಬಯಸಿದ್ದು ಗಡೀಪಾರನ್ನು. ಯೇಸುವನ್ನೂ ಅವನ ತಾಯಿಯನ್ನೂ ಇಷ್ಟು ಗೌರವದಿಂದ ನೆನೆಯುವವರನ್ನು, ನಂಬಿಕೆಯಲ್ಲಿ ಭೇದವಿದೆಯೆಂಬ ಕಾರಣಕ್ಕೆ, ಹಿಂಸಿಸುವವರ ಕೈಗೆ ಒಪ್ಪಿಸಲಾಗದು ಎಂಬುದು ಅವನ ತೀರ್ಪಿನ ತಿರುಳು. ಭೇದವಿದ್ದದ್ದು ನಿಜ. ಅದು ಅಭಯವನ್ನು ಹಿಂತೆಗೆದುಕೊಳ್ಳುವುದಕ್ಕೆ ಸಾಕಾಗಲಿಲ್ಲ.

6. ಹಡಗಿನವರ ವರ್ಷಗಳು

ಜಾಫರನು ಅಬಿಸೀನಿಯದಲ್ಲಿ ಸುಮಾರು ಹದಿಮೂರು ವರ್ಷ ಇದ್ದನು. ಅವನ ಮಕ್ಕಳಾದ ಅಬ್ದುಲ್ಲಾ, ಮುಹಮ್ಮದ್, ಔನ್ ಅಲ್ಲಿಯೇ ಹುಟ್ಟಿದರು. ಒಮ್ಮೆ ನಜಾಶಿಯ ವಿರುದ್ಧ ಪ್ರತಿಸ್ಪರ್ಧಿಯೊಬ್ಬನು ಎದ್ದಾಗ ನಿರಾಶ್ರಿತರು ಅರಸನ ಜಯಕ್ಕಾಗಿ ದೇವರಲ್ಲಿ ಬೇಡಿಕೊಂಡರು. ಯುವಕನಾದ ಝುಬೈರನು ಗಾಳಿ ತುಂಬಿದ ತೊಗಲಿನ ಚೀಲವನ್ನು ಎದೆಗೆ ಕಟ್ಟಿಕೊಂಡು ನೈಲ್ ನದಿಯನ್ನು ಈಜಿ, ಯುದ್ಧದ ಫಲವನ್ನು ನೋಡಿಬಂದು ತಿಳಿಸಿದನಂತೆ. ಮುಸ್ಲಿಮರು ಕ್ರೈಸ್ತ ಅರಸನ ಜಯಕ್ಕಾಗಿ ಪ್ರಾರ್ಥಿಸಿದ ಮೊದಲ ಪ್ರಸಂಗವಾಗಿ ಇದು ಉಳಿದಿದೆ.

ಮುಜುಗರದ ಸಂಗತಿಯೊಂದನ್ನು ಪ್ರಸ್ತಾಪಿಸಿದ್ದೆವು. ವಲಸೆ ಬಂದವರಲ್ಲಿ ಉಬೈದುಲ್ಲಾ ಬಿನ್ ಜಹ್ಶ್ ಎಂಬವನು ಅಬಿಸೀನಿಯದಲ್ಲಿ ಕ್ರೈಸ್ತನಾಗಿ, ಕ್ರೈಸ್ತನಾಗಿಯೇ ಸತ್ತನೆಂದು ಇಬ್ನ್ ಇಸ್ಹಾಕ್ ದಾಖಲಿಸುತ್ತಾನೆ. ಅವನ ಹೆಂಡತಿ ಉಮ್ಮು ಹಬೀಬಾ ತನ್ನ ನಂಬಿಕೆಯಲ್ಲಿಯೇ ಉಳಿದು, ತರುವಾಯ ಮಹಮ್ಮದರನ್ನು ವಿವಾಹವಾದಳು. ಈ ಪ್ರಸಂಗವನ್ನು ಗೆಲುವಿನ ಕಥೆಯಾಗಿ ಎತ್ತಿಹಿಡಿಯುವ ಆಸೆ ಕ್ರೈಸ್ತರಲ್ಲಿ ಮೂಡಬಹುದು, ನಜಾಶಿಯ ಕಥೆಯ ವಿಷಯದಲ್ಲಿ ಆ ಆಸೆ ಮುಸ್ಲಿಮರಲ್ಲಿ ಮೂಡಿದಂತೆ. ಆ ಚಿಕ್ಕ ಸಮುದಾಯದಲ್ಲಿ ನಂಬಿಕೆಯ ದಾರಿಗಳು ಮನೆಯೊಳಗೇ ಕವಲೊಡೆದವೆಂಬುದನ್ನು ಮಾತ್ರ ಇದರಿಂದ ತಿಳಿದುಕೊಂಡರೆ ಸಾಕು.

628ರಲ್ಲಿ ಜಾಫರನೂ ಉಳಿದವರೂ ಎರಡು ಹಡಗುಗಳಲ್ಲಿ ಅರೇಬಿಯಕ್ಕೆ ಹಿಂದಿರುಗಿದರು. ಅದೇ ವೇಳೆಗೆ ಖೈಬರ್ ವಶವಾಗಿತ್ತು. ಖೈಬರಿನ ಜಯವೋ ಜಾಫರನ ಆಗಮನವೋ, ಯಾವುದು ಹೆಚ್ಚಿನ ಸಂತೋಷವೆಂದು ಹೇಳಲಾರೆನೆಂದು ಮಹಮ್ಮದರು ಅವನನ್ನು ಅಪ್ಪಿಕೊಂಡರು. ಆದರೆ ಮದೀನಾದಲ್ಲಿದ್ದವರಲ್ಲಿ ಕೆಲವರಿಗೆ ಹಡಗಿನವರು ತಡವಾಗಿ ಬಂದವರೆನಿಸಿತು. ಹಿಜ್ರತ್‌ನಲ್ಲಿ ನಾವು ನಿಮಗಿಂತ ಮುಂದಿನವರೆಂದು ಉಮರನು ಅಸ್ಮಾಳಿಗೆ ಹೇಳಿದಾಗ ಅವಳು ಸಿಟ್ಟಿಗೆದ್ದಳು. ನೀವು ಪ್ರವಾದಿಯ ಹತ್ತಿರವಿದ್ದಿರಿ, ಅವರು ನಿಮ್ಮ ಹಸಿದವರಿಗೆ ಉಣಿಸುತ್ತಿದ್ದರು. ನಾವು ಪರದೇಶದಲ್ಲಿ ಭಯದಲ್ಲಿದ್ದೆವು ಎಂದು ವಾದಿಸಿ, ದೂರನ್ನು ಮಹಮ್ಮದರ ಬಳಿಗೇ ಒಯ್ದಳು. ಮದೀನಾದವರಿಗೆ ಒಂದು ಹಿಜ್ರತ್, ಹಡಗಿನವರಿಗೆ ಎರಡು ಎಂದು ಅವರು ತೀರ್ಪು ಕೊಟ್ಟರು. ಹಡಗಿನವರು ಈ ಮಾತನ್ನು ಕೇಳುವುದಕ್ಕಾಗಿ ಗುಂಪುಗುಂಪಾಗಿ ಅವಳ ಬಳಿಗೆ ಬರುತ್ತಿದ್ದರಂತೆ. ಆಶ್ರಯ ದೊರೆತ ನಾಡಿನಲ್ಲಿಯೂ ಪರದೇಶಿಯ ಬಾಳು ಭಯದ ಬಾಳೇ ಎಂಬ ಸತ್ಯವನ್ನು ಅಸ್ಮಾಳ ಮಾತು ನಮಗೆ ತಿಳಿಸುತ್ತದೆ. ಆಶ್ರಯದಾತರ ಕೀರ್ತಿಯನ್ನು ಹಾಡುವ ಕಥೆಗಳು ಇದನ್ನು ಮರೆಯುತ್ತವೆ.

7. ಮೂತಾ

ಹಿಂದಿರುಗಿದ ಮರುವರ್ಷವೇ, 629ರ ಸೆಪ್ಟೆಂಬರಿನಲ್ಲಿ, ಮೂರು ಸಾವಿರ ಮಂದಿಯ ಸೈನ್ಯವೊಂದು ಉತ್ತರಕ್ಕೆ ಹೊರಟಿತು. ಮಹಮ್ಮದರ ದೂತನೊಬ್ಬನನ್ನು ಘಸ್ಸಾನಿ ನಾಯಕನೊಬ್ಬನು ಕೊಂದದ್ದೇ ಇದಕ್ಕೆ ಕಾರಣವೆಂದು ಮುಸ್ಲಿಂ ಗ್ರಂಥಗಳು ಹೇಳುತ್ತವೆ. ಆ ಪ್ರದೇಶ ಪಾರಸಿಯರ ಕೈಯಿಂದ ಆಗತಾನೇ ಬಿಡುಗಡೆಗೊಂಡು ಬೈಜಾಂತಿಯಮ್ ಸಾಮ್ರಾಜ್ಯಕ್ಕೆ ಮರಳುತ್ತಿತ್ತು. ಚಕ್ರವರ್ತಿ ಹೆರಾಕ್ಲಿಯಸನು ಪವಿತ್ರ ಶಿಲುಬೆಯನ್ನು ಯೆರೂಸಲೇಮಿಗೆ ತಂದದ್ದು ಇದಾದ ಕೆಲವೇ ತಿಂಗಳಲ್ಲಿ, 630ರಲ್ಲಿ.

ಇಂದಿನ ಜೋರ್ಡಾನಿನ ಕರಕ್ ಪಟ್ಟಣದ ದಕ್ಷಿಣಕ್ಕಿರುವ ಮೂತಾ ಎಂಬಲ್ಲಿ ಎರಡು ಸೈನ್ಯಗಳು ಸಂಧಿಸಿದವು. ಎದುರಾಳಿಗಳು ಲಕ್ಷ ಮಂದಿಯೆಂದೂ ಎರಡು ಲಕ್ಷವೆಂದೂ ಹೇಳುವ ಅಂಕಿಗಳನ್ನು ಚರಿತ್ರಕಾರರು ಒಪ್ಪುವುದಿಲ್ಲ. ಆದರೆ ಸೋಲು ಕಠಿಣವಾಗಿತ್ತು. ಮೊದಲ ಸೇನಾನಿ ಝೈದ್ ಬಿನ್ ಹಾರಿಸನು ಬಿದ್ದ ಮೇಲೆ ಜಾಫರನು ಧ್ವಜವನ್ನು ಹಿಡಿದನು. ಬಲಗೈ ಕತ್ತರಿಸಿಹೋದಾಗ ಎಡಗೈಯಲ್ಲಿ, ಅದೂ ಹೋದಾಗ ಮೊಂಡುತೋಳುಗಳಿಂದ ಅವುಚಿಕೊಂಡು ಅದನ್ನು ಎತ್ತಿಹಿಡಿದನೆಂಬುದು ಪರಂಪರೆಯ ನೆನಪು. ಅವನ ದೇಹದ ಮೇಲೆ ಐವತ್ತು ಗಾಯಗಳಿದ್ದವು, ಒಂದೂ ಬೆನ್ನಿನ ಮೇಲಿರಲಿಲ್ಲವೆಂದು ಕಣ್ಣಾರೆ ಕಂಡ ಇಬ್ನ್ ಉಮರನು ಸಾಕ್ಷಿ ಹೇಳಿದನು. ಮೂರನೆಯ ಸೇನಾನಿಯೂ ಮಡಿದನು. ಖಾಲಿದ್ ಬಿನ್ ವಲೀದನು ಉಳಿದವರನ್ನು ಹಿಂದಕ್ಕೆ ಕರೆತಂದನು. 9ನೆಯ ಶತಮಾನದ ಬೈಜಾಂತಿಯಮ್ ಸನ್ಯಾಸಿ ಥಿಯೊಫನೀಸನ ವೃತ್ತಾಂತದಲ್ಲಿಯೂ ಈ ಯುದ್ಧದ ದಾಖಲೆ ಇರುವುದರಿಂದ, ಜಾಫರನ ಕೊನೆಯ ದಿನವು ಎರಡು ಸಮುದಾಯಗಳ ಚರಿತ್ರೆಯಲ್ಲಿಯೂ ಉಳಿದಿರುವ ದಿನವಾಗಿದೆ.

ಅಕ್ಸೂಮಿನ ಬಿಷಪರೆದುರು ಮರಿಯಳ ಕಥೆಯನ್ನು ಪಠಿಸಿದವನು ಶಿಲುಬೆಯನ್ನು ಗೌರವಿಸುವ ಸೈನಿಕರ ಕತ್ತಿಗೆ ಬಲಿಯಾದನು. ಇದನ್ನು ಧರ್ಮಗಳ ಯುದ್ಧವೆಂದು ಸುಲಭವಾಗಿ ಹೆಸರಿಸಲಾಗದು. ಬೈಜಾಂತಿಯಮ್ ಪಕ್ಷದಲ್ಲಿ ಗಡಿನಾಡಿನ ಅರಬ್ ಬುಡಕಟ್ಟುಗಳೇ ಬಹಳವಾಗಿದ್ದವು. ಅದೇ ಸಾಮ್ರಾಜ್ಯವು ಅಕ್ಸೂಮಿನ ನಂಬಿಕೆಯುಳ್ಳ ಐಗುಪ್ತ ಮತ್ತು ಸಿರಿಯದ ಕ್ರೈಸ್ತರನ್ನೂ ಪೀಡಿಸುತ್ತಿತ್ತು. ಆಶ್ರಯ ಕೊಟ್ಟ ರಾಜ್ಯವೂ ಕತ್ತಿಯೆತ್ತಿದ ರಾಜ್ಯವೂ ಒಂದೇ ಕರ್ತನ ಹೆಸರನ್ನು ಹೇಳುತ್ತಿದ್ದವು. ನಿರಾಶ್ರಿತರಾಗಿ ಅಭಯ ಬೇಡಿದ ಸಮುದಾಯವೂ ಹದಿನಾಲ್ಕು ವರ್ಷಗಳಲ್ಲಿ ದಂಡು ಕಳುಹಿಸುವ ಸ್ಥಿತಿಗೆ ಬಂದಿತ್ತು. ಅಧಿಕಾರವು ಯಾರ ಕೈಗೆ ಬಂದರೂ ನಂಬಿಕೆಯ ಪರೀಕ್ಷೆ ಆಗ ಬೇರೆಯಾಗುತ್ತದೆ ಎಂಬುದಕ್ಕೆ ಈ ಒಂದೇ ಜೀವನ ಸಾಕ್ಷಿಯಾಗಿದೆ.

8. ಉಳಿದ ನೆನಪುಗಳು

ಸಾವಿನ ಸುದ್ದಿಯನ್ನು ಹೇಳಲು ಮಹಮ್ಮದರು ತಾವೇ ಅಸ್ಮಾಳ ಮನೆಗೆ ಹೋದರು. ಅವಳು ಹಿಟ್ಟು ನಾದಿಟ್ಟು, ಮಕ್ಕಳಿಗೆ ಸ್ನಾನ ಮಾಡಿಸಿ ಎಣ್ಣೆ ಹಚ್ಚಿದ್ದಳು. ಅವರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡು ಅತ್ತರು. ಬಳಿಕ, ದುಃಖದಲ್ಲಿರುವ ಜಾಫರನ ಮನೆಯವರಿಗಾಗಿ ಅಡಿಗೆ ಮಾಡಿ ಕೊಡಿರೆಂದು ತಮ್ಮವರಿಗೆ ಹೇಳಿದರು. ಸಾವಿನ ಮನೆಗೆ ನೆರೆಹೊರೆಯವರು ಅನ್ನ ಒಯ್ಯುವ ಮುಸ್ಲಿಂ ಪದ್ಧತಿಗೆ ಈ ಮಾತೇ ಆಧಾರವೆಂದು ಧರ್ಮಶಾಸ್ತ್ರಜ್ಞರು ಹೇಳುತ್ತಾರೆ. ಕಳೆದುಕೊಂಡ ಎರಡು ಕೈಗಳಿಗೆ ಬದಲಾಗಿ ಸ್ವರ್ಗದಲ್ಲಿ ಎರಡು ರೆಕ್ಕೆಗಳು ದೊರೆತವೆಂಬ ನಂಬಿಕೆಯಿಂದ ಅವನಿಗೆ 'ತಯ್ಯಾರ್', ಹಾರುವವನು, ಎಂಬ ಬಿರುದು ಬಂದಿತು. ಬಡವರು ಅವನನ್ನು ಬಡವರ ತಂದೆ ಎಂದು ನೆನೆದರು. ಮನೆಯಲ್ಲಿ ಏನೂ ಉಳಿಯದಿದ್ದಾಗ ತುಪ್ಪದ ಖಾಲಿ ಚೀಲವನ್ನೇ ತಂದು ಸೀಳಿ, ಅಂಟಿಕೊಂಡದ್ದನ್ನು ನೆಕ್ಕಲು ಕೊಡುತ್ತಿದ್ದನೆಂದು ಅವನ ಮನೆಯಲ್ಲಿ ಉಂಡ ಅಬೂಹುರೈರನು ಹೇಳಿದನು.

ಅವನ ಮಗ ಅಬ್ದುಲ್ಲಾ, ಅಲಿಯ ಮಗಳಾದ ಝೈನಬಳನ್ನು ಮದುವೆಯಾದನು. ಅಬ್ದುಲ್ಲಾನ ಮಕ್ಕಳಾದ ಔನ್ ಮತ್ತು ಮುಹಮ್ಮದ್ 680ರಲ್ಲಿ ಕರ್ಬಲಾದಲ್ಲಿ ಹುಸೇನರೊಂದಿಗೆ ಮಡಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಹಾಡುವ ಮೊಹರಂ ಪದಗಳು ಸ್ಮರಿಸುವ ಆ ಕರ್ಬಲಾದ ಮಣ್ಣಿನಲ್ಲಿ ಜಾಫರನ ಮೊಮ್ಮಕ್ಕಳ ರಕ್ತವೂ ಬೆರೆತಿದೆ.

ಅಬಿಸೀನಿಯದವರು ನಿಮ್ಮನ್ನು ಬಿಟ್ಟಿರುವ ತನಕ ನೀವೂ ಅವರನ್ನು ಬಿಟ್ಟಿರಿ ಎಂಬ ಮಾತು ಮಹಮ್ಮದರದ್ದೆಂದು ಹದೀಸ್ ಸಂಗ್ರಹಗಳಲ್ಲಿ ಸೇರಿತು. ಆ ನಾಡಿನ ಮೇಲೆ ದಂಡೆತ್ತದಿರುವುದಕ್ಕೆ ಅದನ್ನು ಆಧಾರವಾಗಿ ತೋರಿಸುವವರಿದ್ದರು. ಆದರೂ ನೆನಪು ತಾನಾಗಿಯೇ ಶಾಂತಿಯನ್ನು ಕಾಯುವುದಿಲ್ಲ. 16ನೆಯ ಶತಮಾನದಲ್ಲಿ ಇಮಾಮ್ ಅಹ್ಮದನ ಸೈನ್ಯವು ಇಥಿಯೋಪಿಯದ ದೇವಾಲಯಗಳನ್ನು ಸುಟ್ಟಿತು. 1878ರಲ್ಲಿ ಕ್ರೈಸ್ತ ಚಕ್ರವರ್ತಿ ನಾಲ್ಕನೆಯ ಯೊಹಾನ್ನೆಸನು ವೊಲ್ಲೊ ಪ್ರಾಂತದ ಮುಸ್ಲಿಮರನ್ನು ದೀಕ್ಷಾಸ್ನಾನಕ್ಕೆ ಬಲಾತ್ಕರಿಸಿದನು. ತಿಗ್ರಾಯ್ ಪ್ರಾಂತದ ನೆಗಾಶ್ ಊರಿನಲ್ಲಿ, ನಜಾಶಿಯ ಮತ್ತು ಕೆಲವು ವಲಸೆಗಾರರ ಸಮಾಧಿಗಳಿವೆಯೆಂದು ನಂಬುವ ಮಸೀದಿಯು 2020ರ ಅಂತರ್ಯುದ್ಧದಲ್ಲಿ ಹಾನಿಗೊಂಡಿತು. ಅದೇ ಯುದ್ಧದಲ್ಲಿ ಅಕ್ಸೂಮ್ ನಗರದ ಕ್ರೈಸ್ತರೂ ಕೊಲೆಯಾದರು.

9. ಸಮಾರೋಪ

ಜಾಫರನ ಜೀವನವು ಸಭಾಸೇವೆಗೆ ಸಿದ್ಧರಾಗುತ್ತಿರುವವರ ಮುಂದೆ ಎರಡು ಪ್ರಶ್ನೆಗಳನ್ನಿಡುತ್ತದೆ. ಮೊದಲನೆಯದು ಸಾಕ್ಷಿಯ ಪ್ರಶ್ನೆ. ಅನ್ಯರ ಮನೆಯಲ್ಲಿ, ಅನ್ಯರ ದಯೆಯ ಮೇಲೆ ಬಾಳುವವನು ತನ್ನ ನಂಬಿಕೆಯ ಕಹಿಯಾದ ಭಾಗವನ್ನು ನುಂಗಿಕೊಳ್ಳಬೇಕೇ? ಜಾಫರನು ಮೊದಲ ದಿನ ಸಾಮ್ಯವಿದ್ದದ್ದನ್ನು ಓದಿದನು. ಎರಡನೆಯ ದಿನ ಭೇದವನ್ನು ಕೇಳಿದಾಗ ಅದನ್ನೂ ಹೇಳಿದನು, ಕೆರಳಿಸುವ ಮಾತುಗಳನ್ನು ಮಾತ್ರ ಬಳಸಲಿಲ್ಲ. ಧರ್ಮಗಳ ನಡುವಿನ ಸಂವಾದವೆಂದರೆ ಭೇದಗಳನ್ನು ಬದಿಗಿಡುವುದೆಂದು ತಿಳಿಯುವವರಿಗೂ, ಭೇದಗಳನ್ನು ಕತ್ತಿಯಂತೆ ಬೀಸುವುದೇ ಸಾಕ್ಷಿಯೆಂದು ತಿಳಿಯುವವರಿಗೂ ಈ ಎರಡು ದಿನಗಳನ್ನು ಒಟ್ಟಿಗೆ ಓದುವುದು ಹಿತ.

ಎರಡನೆಯದು ಆಶ್ರಯದ ಪ್ರಶ್ನೆ. ಐಗುಪ್ತದಲ್ಲಿ ಪರದೇಶಿಗಳಾಗಿದ್ದದ್ದನ್ನು ನೆನೆದು ಪರದೇಶಿಯನ್ನು ಪ್ರೀತಿಸಬೇಕೆಂದು ಯಾಜಕಕಾಂಡವು ಇಸ್ರಾಯೇಲರಿಗೆ ಆಜ್ಞಾಪಿಸಿತು. ಕರ್ತನಾದ ಯೇಸುವೂ ಶಿಶುವಾಗಿದ್ದಾಗ ಆಫ್ರಿಕದ ಮಣ್ಣಿನಲ್ಲಿಯೇ ಆಶ್ರಯ ಪಡೆದನು. ಅಕ್ಸೂಮಿನ ಅರಸನು ಮ್ಲಾನಮುಖಿಗಳಾಗಿ ಬಂದವರಿಗೆ ಮೊದಲು ಉಳಿಯಲು ಜಾಗ ಕೊಟ್ಟನು, ಬಳಿಕ ಅವರ ಮಾತನ್ನು ಕೇಳಿದನು, ಕ್ರಿಸ್ತನ ವಿಷಯವಾದ ಪ್ರಶ್ನೆ ಬಂದದ್ದು ಅದಾದ ಮೇಲೆ. ಆ ಪ್ರಶ್ನೆಗೆ ಬಂದ ಉತ್ತರ ಅವನ ಸಭೆಯ ಅರಿಕೆಗೆ ಸರಿಹೊಂದದಿದ್ದರೂ ಅವನು ಕೊಟ್ಟ ಜಾಗವನ್ನು ಕಸಿದುಕೊಳ್ಳಲಿಲ್ಲ. ಆ ಅರಸನ ಹೆಸರನ್ನು ನಮ್ಮ ಸಭೆಗಳ ಚರಿತ್ರೆಗಳು ಉಳಿಸಲಿಲ್ಲ. ಅವನಿಂದ ಆಶ್ರಯ ಪಡೆದವರು ಅದನ್ನು ಹದಿನಾಲ್ಕು ಶತಮಾನಗಳಿಂದ ಕೃತಜ್ಞತೆಯಿಂದ ಹೇಳುತ್ತಾ ಬಂದಿದ್ದಾರೆ. ಅವರ ಬಾಯಿಂದ ಅದನ್ನು ಕೇಳಿ ತಿಳಿದುಕೊಳ್ಳುವುದು ನಮ್ಮ ಸಭಾಚರಿತ್ರೆಯ ಅಧ್ಯಯನದ ಒಂದು ಭಾಗವಾಗಬೇಕು.